ಹತ್ತು ರೂಪಾಯಿಯ ಬಲೆ



ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಬ್ಯಾಗನ್ನು ಪಕ್ಕದಲ್ಲಿಟ್ಟು ಊರಿನ ಬಸ್ಸಿಗೆ ಕಾಯುತ್ತಿದ್ದೀರಿ ಎಂದುಕೊಳ್ಳಿ. ಅಪರಿಚಿತನೊಬ್ಬ ಬಂದು, "ನಿಮ್ಮ ದುಡ್ಡು ಕೆಳಗೆ ಬಿದ್ದಿದೆ ನೋಡಿ" ಎನ್ನುತ್ತಾನೆ. ಹತ್ತು ರೂಪಾಯಿಯ ಎರಡು ಮೂರು ನೋಟುಗಳು ನಿಜವಾಗಿಯೂ ಬಿದ್ದಿರುತ್ತವೆ. ನೀವು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಬ್ಯಾಗು ಮಾಯ! ನೋಟು ಚೆಲ್ಲಿದವನು ಒಬ್ಬ, ಬ್ಯಾಗು ಎತ್ತಿದವನು ಇನ್ನೊಬ್ಬ. ಗಮನ ಬೇರೆಡೆ ಸೆಳೆದು ಮಾಡುವ ಕಳವು ಎಂದರೆ ಇದೇ.

ವೇಷ ಹಲವು, ತಂತ್ರ ಒಂದೇ. ಅಂಗಿಯ ಮೇಲೆ ಹೊಲಸು ಬಿದ್ದಿದೆ ಎಂದು ಒಬ್ಬ ಒರೆಸಲು ಬರುತ್ತಾನೆ. ಇನ್ನು ಕೆಲವರು ತಾವು ಪೊಲೀಸರೆಂದು ಹೇಳಿಕೊಂಡು, "ಮುಂದೆ ಗಲಾಟೆಯಾಗುತ್ತಿದೆ, ಒಡವೆ ಬಿಚ್ಚಿಡಿ ಅಮ್ಮಾ" ಎಂದು ವಯಸ್ಸಾದವರನ್ನು ಹೆದರಿಸುತ್ತಾರೆ. ಕಾಗದದಲ್ಲಿ ಕಟ್ಟಿಕೊಡುವ ನೆಪದಲ್ಲಿ ಕಲ್ಲಿನ ಪೊಟ್ಟಣ ಕೈಗಿಡುತ್ತಾರೆ.

ಮೋಸ ಹೋಗುವವರೆಲ್ಲ ದುರಾಸೆಯವರು, ದಡ್ಡರು ಎಂಬ ಮಾತು ನಿಜವಲ್ಲ. ಒಡವೆ ಬಿಚ್ಚಿದ ತಾಯಿಗೆ ಯಾವ ಆಸೆಯಿತ್ತು? ವಂಚಕರು ಬಳಸಿಕೊಳ್ಳುವುದು ನಮ್ಮ ಅವಸರ, ಭಯ ಮತ್ತು ದಾಕ್ಷಿಣ್ಯವನ್ನು. ಅದಕ್ಕೆ ಮದ್ದು ನಿಧಾನ. ಯಾರಾದರೂ ಮಾತನಾಡಿಸಿದರೆ ಮೊದಲು ಬ್ಯಾಗಿನ ಮೇಲೆ ಕೈಯಿಡಿ, ಆಮೇಲೆ ಉತ್ತರಿಸಿ. ಪೊಲೀಸರೆಂದು ಹೇಳಿದವರನ್ನು ಗುರುತಿನ ಚೀಟಿ ಕೇಳಿ. "ಠಾಣೆಯಲ್ಲೇ ಮಾತನಾಡೋಣ" ಎನ್ನಿ. ಬೀದಿಯಲ್ಲಿ ಒಡವೆ ಬಿಚ್ಚಿಸಿ ಕಟ್ಟಿಕೊಡುವುದು ಪೊಲೀಸರ ಕೆಲಸವಲ್ಲ. ಈ ಮಾತನ್ನು ಮನೆಯ ಅಜ್ಜಿಯರಿಗೂ ತಿಳಿಸಿ.

ಹಾಗೆಂದು ಎಲ್ಲರನ್ನೂ ಕಳ್ಳರಂತೆ ಕಾಣಬೇಕೆ? ಖಂಡಿತ ಬೇಡ. "ಪರ್ಸು ಕಳೆದುಹೋಯಿತು, ಊರಿಗೆ ಹೋಗಲು ಹಣ ಕೊಡಿ" ಎನ್ನುವವರಲ್ಲಿ ನಿಜವಾಗಿ ಕಷ್ಟದಲ್ಲಿರುವವರೂ ಇರುತ್ತಾರೆ. ಅಂಥವರನ್ನು ವಿಚಾರಣೆಯ ಕೌಂಟರಿಗೆ ಕರೆದೊಯ್ಯಿರಿ. ಸಾಧ್ಯವಾದರೆ ಹಣದ ಬದಲು ಟಿಕೆಟನ್ನೇ ಕೊಡಿಸಿ. ಕನಿಕರವೂ ಉಳಿಯುತ್ತದೆ, ಹಣವೂ ಸದ್ವಿನಿಯೋಗವಾಗುತ್ತದೆ.

ಮೋಸಗಾರನನ್ನು ಜನ 'ಫೋರ್‌ಟ್ವೆಂಟಿ' ಎನ್ನುವುದು ಹಳೆಯ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನಿಂದ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೇ ಕಲಮು ಇದೆ. ವಂಚಿಸಿ ಹಣ, ಒಡವೆ ಪಡೆದವರಿಗೆ 7 ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ದೂರು ಕೊಡದಿದ್ದರೆ ಕಾನೂನು ತಾನೇ ಏನು ಮಾಡೀತು? ನಾಚಿಕೊಂಡು ಮುಚ್ಚಿಡಬೇಡಿ. ಕೂಡಲೇ 112ಕ್ಕೆ, ರೈಲಿನಲ್ಲಾದರೆ 139ಕ್ಕೆ, ಮೊಬೈಲ್ ಮೂಲಕ ಹಣ ಹೋಗಿದ್ದರೆ 1930ಕ್ಕೆ ಕರೆಮಾಡಿ. ಹೋದದ್ದು ಸಿಗಬಹುದು, ಸಿಗದೆಯೂ ಇರಬಹುದು. ಆದರೆ ನಾಳೆ ಅದೇ ನಿಲ್ದಾಣದಲ್ಲಿ ಪರೀಕ್ಷಾ ಶುಲ್ಕ ಹಿಡಿದು ನಿಲ್ಲುವ ಇನ್ನೊಬ್ಬ ವಿದ್ಯಾರ್ಥಿಯ ಹಣ ನಿಮ್ಮ ದೂರಿನಿಂದ ಉಳಿದೀತು.