ಫೋನು ನಮ್ಮದು, ಬೀಗದ ಕೈ ಯಾರದು?
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ದುಡಿದ ಹಣದಲ್ಲಿ, ಬಹಳಷ್ಟು ಮಂದಿ ಕಂತಿನ ಮೇಲೆ, ಕೊಂಡ ಫೋನು ನಮ್ಮದೇ ಎಂದು ನಂಬಿದ್ದೇವೆ. ಅದರೊಳಗೆ ಯಾವ ಆ್ಯಪ್ ಹಾಕಬಹುದು ಎಂದು ತೀರ್ಮಾನಿಸುವವರು ಯಾರು? ಐಫೋನಿನಲ್ಲಿ ಬಹುಮಟ್ಟಿಗೆ ಆಪಲ್ ಕಂಪನಿಯೇ. ಆದರೆ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರಿನ ಹೊರಗಿನಿಂದಲೂ ಆ್ಯಪ್ ತಂದು ಹಾಕಿಕೊಳ್ಳುವ ದಾರಿ ಮೊದಲಿನಿಂದ ಇದ್ದಿತು.

2025ರ ಆಗಸ್ಟಿನಲ್ಲಿ ಗೂಗಲ್ ಕಂಪನಿ ಹೊಸ ನಿಯಮ ಸಾರಿತು. ಆ್ಯಪ್ ತಯಾರಿಸುವವನು ತನ್ನ ಹೆಸರು, ವಿಳಾಸ, ಗುರುತಿನ ದಾಖಲೆಗಳನ್ನು ಗೂಗಲ್‌ಗೆ ಒಪ್ಪಿಸತಕ್ಕದ್ದು. ತಪ್ಪಿದರೆ ಅವನ ಆ್ಯಪ್ ಎಲ್ಲಿಂದ ತಂದರೂ ಗೂಗಲ್ ಮಾನ್ಯ ಮಾಡಿದ ಫೋನಿನಲ್ಲಿ ಕೂರದು. 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡುಗಳಲ್ಲಿ ಆರಂಭ, 2027ರಿಂದ ಉಳಿದ ದೇಶಗಳಿಗೆ ವಿಸ್ತರಣೆ ಎಂದು ಅಂದು ಹೇಳಿದರು.

ಕಾರಣ, ಮೋಸ ತಡೆಯುವುದು. ಇದನ್ನು ನಾವು ಹಗುರವಾಗಿ ನೋಡುವವರಲ್ಲ. "ಬಿಲ್ಲು ಬಾಕಿ, ಇಂದು ರಾತ್ರಿ ಲೈಟು ಕಡಿಯುತ್ತೇವೆ" ಎಂದೋ, ಮದುವೆಯ ಕರೆಯೋಲೆ ಎಂದೋ ವಾಟ್ಸಾಪಿನಲ್ಲಿ ಬರುವ ಫೈಲನ್ನು ಒತ್ತಿದರೆ, ಕಳ್ಳ ನಮ್ಮ ಓಟಿಪಿ ಓದಿ, ಊರಿಗೆ ಕಳಿಸಬೇಕೆಂದು ಕೂಡಿಟ್ಟ ಪಗಾರವನ್ನು ಎತ್ತಿಕೊಂಡು ಹೋಗುತ್ತಾನೆ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಇರುವವನಿಗೆ ಬುದ್ಧಿ ಹೇಳುವುದು ಸುಲಭ!

ಆದರೆ ಕಂಪನಿಯ ಸ್ವಂತ ಅಂಗಡಿ ಎಷ್ಟು ಶುದ್ಧ? 2021ರ ಏಪ್ರಿಲಿನಿಂದ 2022ರ ಜುಲೈವರೆಗೆ 2,500ಕ್ಕೂ ಹೆಚ್ಚು ಸಾಲದ ಆ್ಯಪುಗಳನ್ನು ಗೂಗಲ್ ತನ್ನ ಪ್ಲೇ ಸ್ಟೋರಿನಿಂದ ತೆಗೆದುಹಾಕಿತೆಂದು ಕೇಂದ್ರ ಸರಕಾರವೇ ಪಾರ್ಲಿಮೆಂಟಿನಲ್ಲಿ ತಿಳಿಸಿತು. ಅಂಥ ಸಾಲದವರು ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಮಾನ ಕಳೆದ ಕಥೆ ನಮಗೆ ಹೊಸದಲ್ಲ. ಬೇರೆಯವರ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸುವ ಕಳ್ಳನಿಗೆ ಇನ್ನೊಂದು ಗುರುತಿನ ಚೀಟಿ ದೊಡ್ಡದೇ?

ಪೆಟ್ಟು ಬೀಳುವುದು ಬೇರೆಯವರಿಗೆ. ಎಫ್-ಡ್ರಾಯ್ಡ್ ಎಂಬ ಭಂಡಾರ 2010ರಿಂದ ಸ್ವತಂತ್ರ ತಂತ್ರಾಂಶವನ್ನು ಪುಕ್ಕಟೆಯಾಗಿ ಹಂಚುತ್ತ ಬಂದಿದೆ. ಅದರೊಳಗಿನ ಕೆಲಸವನ್ನು ತಿಳಿದವರು ಯಾರೂ ತೆರೆದು ಪರೀಕ್ಷಿಸಬಹುದು. ಈ ನಿಯಮ ಬಂದರೆ ತಾವು ಮುಚ್ಚಬೇಕಾದೀತೆಂದು ಅವರು 2025ರ ಸೆಪ್ಟೆಂಬರಿನಲ್ಲಿ ಹೇಳಿದರು. ಕೂಗು ಎದ್ದ ಮೇಲೆ, ನವೆಂಬರಿನಲ್ಲಿ, ಅಪಾಯವನ್ನು ತಿಳಿದೂ ಹಾಕಿಕೊಳ್ಳುವ ಅನುಭವಸ್ಥರಿಗೆ ಎಚ್ಚರಿಕೆಯೊಡನೆ ಒಂದು ದಾರಿ ಇಡುತ್ತೇವೆಂದು ಗೂಗಲ್ ಒಪ್ಪಿತು.

ನಾವು ಕೇಳುವುದೂ ಅದನ್ನೇ: ಎಚ್ಚರಿಕೆಯ ಮಾತು ಕನ್ನಡದಲ್ಲಿ ಸ್ಪಷ್ಟವಾಗಿರಲಿ, ಕೊನೆಯ ಒತ್ತು ಫೋನಿನ ಯಜಮಾನನದಾಗಿರಲಿ. ಗೊತ್ತಿಲ್ಲದ ಫೈಲು ಬಂದವರು ಅದನ್ನು ಒತ್ತದೆ, ಭಾನುವಾರ ಕಚೇರಿಗೆ ತನ್ನಿ, ಕೂತು ನೋಡೋಣ.