ಬಯಲಲ್ಲಿ ಬರೆದ ಚಿತ್ರಗಳು

(ಸಂಘದ ಸಭಾಂಗಣದಲ್ಲಿ ಏರ್ಪಟ್ಟಿದ್ದ ಜಲವರ್ಣ ಚಿತ್ರಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಗೋಡೆಯ ಮೇಲೆ ತೂಗುಹಾಕಿರುವ ಹದಿನಾಲ್ಕು ಚಿತ್ರಗಳನ್ನು ಮಹತ್ವದ ಕಲಾಕೃತಿಗಳೆಂದು ನಾನು ನಿಮ್ಮ ಮುಂದಿಡುತ್ತಿಲ್ಲ. ಕಚೇರಿಗೆ ರಜೆಯಿರುವ ಬೆಳಗುಗಳಲ್ಲಿ ದೆಹಲಿಯ ಬಯಲುಗಳಲ್ಲಿ ಕುಳಿತು ಬರೆದವು ಇವು. ಮೇ ತಿಂಗಳ ಬಿಸಿಗಾಳಿಯಲ್ಲಿ ಕುಂಚ ಕಾಗದವನ್ನು ಮುಟ್ಟುವಷ್ಟರಲ್ಲಿ ಬಣ್ಣ ಒಣಗಿಬಿಡುತ್ತದೆ. ಜನವರಿಯ ಮಂಜಿನಲ್ಲಿ ಗಂಟೆಯಾದರೂ ಒಣಗುವುದಿಲ್ಲ. ಈ ಎರಡರ ನಡುವೆ ಸಾಧ್ಯವಾದದ್ದನ್ನು ಮಾಡಿದ್ದೇನೆ. ಗುಣದೋಷಗಳನ್ನು ಬಲ್ಲವರು ಹೇಳಲಿ. ನನ್ನ ಮಾತು ಬೇರೊಂದು ವಿಷಯವನ್ನು ಕುರಿತದ್ದು: ಸ್ಥಳದ ಎದುರಿಗೇ ಕುಳಿತು ಬರೆದ ಚಿತ್ರವೊಂದು ಆ ಸ್ಥಳದ ಬಗ್ಗೆ ಎಂಥ ಸಾಕ್ಷ್ಯವನ್ನು ನುಡಿಯುತ್ತದೆ?

ನಿಮ್ಮ ಎಡಗಡೆಯ ಮೂರನೆಯ ಚಿತ್ರವನ್ನು ನೋಡಿ. ಅದು ಕಾಶ್ಮೀರಿ ಗೇಟಿನ ಬಸ್ ನಿಲ್ದಾಣದ ಬಳಿ ಇರುವ ಕುದ್‌ಸಿಯಾ ಬಾಗ್. ಒಂದು ಹಳೆಯ ಮಹಾದ್ವಾರ, ಸುತ್ತ ಹುಲ್ಲು, ಕೆಲವು ಮರಗಳು. ಮೊಗಲ್ ದೊರೆ ಮುಹಮ್ಮದ್ ಷಾನ ಪತ್ನಿ ಕುದ್‌ಸಿಯಾ ಬೇಗಂ ಹದಿನೆಂಟನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದ ಅರಮನೆ ಅಲ್ಲಿತ್ತು. 1857ರ ದೆಹಲಿ ಮುತ್ತಿಗೆಯಲ್ಲಿ ಆ ತೋಟದಲ್ಲಿ ಫಿರಂಗಿಗಳನ್ನು ನಿಲ್ಲಿಸಿದರು. ದ್ವಾರ, ಮಸೀದಿ ಮುಂತಾಗಿ ಕೆಲವು ಭಾಗಗಳು ಮಾತ್ರ ಇಂದು ಉಳಿದಿವೆ.

ಆ ಅರಮನೆಯನ್ನು ಕಣ್ಣಾರೆ ಕಂಡು ಬರೆದವರಿದ್ದಾರೆ. ಇಂಗ್ಲೆಂಡಿನ ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣತಮ್ಮಂದಿರ ಮಗ ವಿಲಿಯಂ 1786ರಲ್ಲಿ ಕಲ್ಕತ್ತೆಗೆ ಬಂದು, 1789ರಲ್ಲಿ ದೆಹಲಿಯನ್ನು ತಲುಪಿದರು. ಕತ್ತಲೆಪೆಟ್ಟಿಗೆಯೊಂದರ ಮೂಲಕ ದೃಶ್ಯವನ್ನು ಕಾಗದದ ಮೇಲೆ ಬೀಳಿಸಿಕೊಂಡು ಗೆರೆಗಳನ್ನು ಗುರುತಿಸಿಕೊಳ್ಳುವ ವಿಧಾನ ಅವರದಾಗಿತ್ತು. 1795ರಿಂದ 1808ರವರೆಗೆ ಅವರು ಪ್ರಕಟಿಸಿದ ‘ಓರಿಯೆಂಟಲ್ ಸೀನರಿ’ಯ 144 ಚಿತ್ರಗಳಲ್ಲಿ ದೆಹಲಿಯ ಪುರಾನಾ ಕಿಲಾ, ಜಂತರ್ ಮಂತರ್‌ಗಳಿವೆ, ಕುದ್‌ಸಿಯಾ ಬಾಗ್ ಕೂಡ ಇದೆ. ಆ ಚಿತ್ರದಲ್ಲಿ ಅರಮನೆ ಯಮುನೆಯ ಅಂಚಿನಲ್ಲಿ ನಿಂತಿದೆ.

ಇಂದು ಆ ಜಾಗದಲ್ಲಿ ಕುಳಿತವರಿಗೆ ಇದು ಚಿತ್ರಕಾರನ ಕಲ್ಪನೆಯೆಂದೇ ತೋರೀತು. ನದಿ ದೂರ ಸರಿದು, ನಡುವೆ ರಿಂಗ್ ರಸ್ತೆ ಬಂದಿದೆ. ಆದರೆ 2023ರ ಜುಲೈ 13ರಂದು ಹಳೆಯ ರೈಲ್ವೆ ಸೇತುವೆಯ ಬಳಿ ಯಮುನೆಯ ಮಟ್ಟ 208.66 ಮೀಟರಿಗೆ ಏರಿ, 1978ರ 207.49 ಮೀಟರಿನ ದಾಖಲೆಯನ್ನು ಮುರಿಯಿತು. ಕಾಶ್ಮೀರಿ ಗೇಟಿನ ರಸ್ತೆಗಳು ಹೊಳೆಯಾದವು. ಕೆಂಪುಕೋಟೆಯ ಬೆನ್ನಿಗೆ ನೀರು ಬಂದು ನಿಂತಿತು. ನಗರ ಮರೆತ ದಾರಿಯನ್ನು ನದಿ ಮರೆತಿರಲಿಲ್ಲ. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಚಿತ್ರವೂ ಮರೆತಿರಲಿಲ್ಲ.

ಹಾಗಾದರೆ ಬಯಲಿನ ಚಿತ್ರವನ್ನು ಪೂರ್ತಿ ನಂಬಬಹುದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ನಾಡಿನ ಕಡೆಗೇ ಹೊರಳಬೇಕು. ಮೂರನೆಯ ಮೈಸೂರು ಯುದ್ಧ ಮುಗಿದ 1792ರಲ್ಲಿ ಇದೇ ಡೇನಿಯಲ್ಲರು ದಕ್ಷಿಣಕ್ಕೆ ಬಂದು, ಇಂಗ್ಲಿಷ್ ಸೈನ್ಯ ನಡೆದ ದಾರಿಯನ್ನು ಹಿಡಿದು ಬೆಟ್ಟದ ಕೋಟೆಗಳನ್ನು ಬರೆದರು. ಅವರಿಗಿಂತ ಮೊದಲೇ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದಿದ್ದ. ಕೋಲ್‌ಬ್ರೂಕ್, ಅಲನ್ ಎಂಬ ಸೇನಾಧಿಕಾರಿಗಳೂ ಚಿತ್ರ ಬರೆದರು. ಈ ಮೂವರ ಮೈಸೂರು ಚಿತ್ರಗಳು 1793-94ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾದವು. ನಮ್ಮ ಸಾವನದುರ್ಗ, ಶಿವಗಂಗೆಗಳ ಚೆಲುವು ಆ ಪುಟಗಳಲ್ಲಿದೆ, ನಿಜ. ಆದರೆ ಆ ಬಂಡೆಗಳ ಕಡೆಗೆ ಅವರ ಕಣ್ಣು ತಿರುಗಿದ್ದು ಅವು ಗೆಲ್ಲಬೇಕಾದ, ಗೆದ್ದ ನೆಲೆಗಳಾಗಿದ್ದುದರಿಂದ. ಗೆರೆ ಸುಳ್ಳು ಹೇಳದಿರಬಹುದು. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕೆಂಬ ಆಯ್ಕೆಯಲ್ಲಿ ಅಧಿಕಾರ ಅಡಗಿ ಕುಳಿತಿರುತ್ತದೆ.

ಇದಕ್ಕಿಂತ ಬೇರೆಯಾದ ನೋಟವೂ ನಮ್ಮಲ್ಲಿ ಬೆಳೆಯಿತು. ಮೈಸೂರಿನ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದವರು. ಊಟಿ ಮತ್ತು ಕೊಡೈಕೆನಾಲ್‌ಗಳ ಅವರ ಜಲವರ್ಣ ಚಿತ್ರಗಳಲ್ಲಿ ಗೆಲ್ಲುವ ಆತುರ ಕಾಣುವುದಿಲ್ಲ. ಬೆಳಕಿಗಾಗಿ ಕಾದ ತಾಳ್ಮೆ ಕಾಣುತ್ತದೆ. ರುಮಾಲೆ ಚನ್ನಬಸವಯ್ಯನವರ (1910–1988) ಬದುಕು ಇನ್ನೂ ವಿಶೇಷವಾದದ್ದು. ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿದ್ದ ತರುಣ ಸ್ವಾತಂತ್ರ್ಯ ಹೋರಾಟದ ಕರೆಗೆ ಓಗೊಟ್ಟು ಸೇವಾದಳವನ್ನು ಸೇರಿದರು, ಮುಂದೆ ‘ತಾಯಿನಾಡು’ ಪತ್ರಿಕೆಯ ಹೊಣೆ ಹೊತ್ತರು, ಶಾಸನಸಭೆಯನ್ನೂ ಕಂಡರು. ಐವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿದು ಬೆಂಗಳೂರಿನ ಹೂಬಿಟ್ಟ ಮರಗಳ ಮುಂದೆ ನಿಂತರು. ರಾಜಕೀಯವನ್ನು ಬಿಟ್ಟು ಮರಗಳಿಗೆ ಶರಣಾದರೆಂದು ಕೆಲವರು ತಿಳಿದಾರು. ನನಗೆ ಹಾಗೆ ಅನ್ನಿಸುವುದಿಲ್ಲ. ಯಾವ ನೆಲದ ಬಿಡುಗಡೆಗಾಗಿ ದುಡಿದರೋ ಆ ನೆಲವನ್ನು ಅವರು ಕೊನೆಗೆ ಕಣ್ತುಂಬ ನೋಡಿದರು. ಬೆಂಗಳೂರಿನ ಸಾಲುಮರಗಳು ಉರುಳಿರುವ ಈ ದಿನಗಳಲ್ಲಿ ಅವರ ಚಿತ್ರಗಳೂ ಸಾಕ್ಷ್ಯವೇ ಆಗಿವೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಾಗಿಲ ಪಕ್ಕದಲ್ಲಿರುವ ದೊಡ್ಡ ಚಿತ್ರ ಯಮುನೆಯ ಹಳೆಯ ಕಬ್ಬಿಣದ ಸೇತುವೆಯದು. ಮೇಲೆ ರೈಲು, ಕೆಳಗೆ ಗಾಡಿಗಳು, ಮುಂದೆ ತರಕಾರಿಯ ಹೊಲ. 2022ರ ಚಳಿಗಾಲದಲ್ಲಿ ಮೂರು ಭಾನುವಾರ ಕುಳಿತು ಅದನ್ನು ಮುಗಿಸಿದೆ. ಹೊಲದಲ್ಲಿ ಮೂಲಂಗಿ ಕೀಳುತ್ತಿದ್ದ ವೃದ್ಧರೊಬ್ಬರು ಮೂರನೆಯ ವಾರ ಬಂದು, ಬಹಳ ಹೊತ್ತು ನೋಡಿ, “ಬಾಬೂಜಿ, ನದಿ ಇದೆ, ಪುಲ್ ಇದೆ, ಹೊಲವೂ ಇದೆ. ನಮ್ಮ ಮನೆ ಎಲ್ಲಿ?” ಎಂದು ಕೇಳಿದರು.

ಸೇತುವೆಯ ಎಡಕ್ಕೆ, ನೀಲಿ ಪ್ಲಾಸ್ಟಿಕ್ ಹೊದಿಸಿದ ಅವರ ಗುಡಿಸಲು ಇತ್ತು. ಆ ನೀಲಿ ಚಿತ್ರದ ಹದವನ್ನು ಕೆಡಿಸುತ್ತದೆಂದು ನಾನೇ ಅದನ್ನು ಬಿಟ್ಟಿದ್ದೆ. ಈಗ ಸೇರಿಸಲು ಬರುವುದಿಲ್ಲವೆಂದೆ. ಅವರು ಬೇಸರಿಸಲಿಲ್ಲ, ಚಹಾ ತರಿಸಿ ಕೊಟ್ಟು ಕಳಿಸಿದರು. ಮುಂದಿನ ಜುಲೈನಲ್ಲಿ ಪ್ರವಾಹ ಬಂತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಹೊಲದ ಮೇಲೆ ಮೊಣಕಾಲುದ್ದ ಹೂಳು. ಗುಡಿಸಲಿರಲಿಲ್ಲ, ಅವರೂ ಕಾಣಲಿಲ್ಲ. ವಿಚಾರಿಸಲು ಹೆಸರನ್ನೂ ಕೇಳಿಟ್ಟುಕೊಂಡಿರಲಿಲ್ಲ.

ಸೈನ್ಯದ ಬೆನ್ನು ಹಿಡಿದು ಬಂದವರ ಕಣ್ಣನ್ನು ಟೀಕಿಸಿದ ನಾನು ಮಾಡಿದ್ದೇನು? ಇದ್ದ ಮನೆಯೊಂದನ್ನು ಚೆಲುವಿನ ಹೆಸರಿನಲ್ಲಿ ತೆಗೆದುಹಾಕಿದೆ. ಕಡತದಲ್ಲಿ ಸಾಲೊಂದನ್ನು ಬಿಟ್ಟರೆ ಏನಾಗುತ್ತದೆಂಬುದನ್ನು ಮೂವತ್ತು ವರ್ಷಗಳಿಂದ ಬಲ್ಲವನು ನಾನು. ಆದ್ದರಿಂದಲೇ ಆ ಚಿತ್ರವನ್ನು ತಿದ್ದಲಿಲ್ಲ. ನೆನಪಿನಿಂದ ಗುಡಿಸಲನ್ನು ಸೇರಿಸಿದ್ದರೆ ಅದು ಎರಡನೆಯ ಅಪ್ರಾಮಾಣಿಕತೆಯಾಗುತ್ತಿತ್ತು. ಅದರ ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ: ‘ಎಡಗಡೆ ಒಂದು ಮನೆಯಿತ್ತು.’

ಮಿತ್ರರೆ, ನಾವು ಹೊರನಾಡ ಕನ್ನಡಿಗರು ಊರಿನ ತೊರೆ, ತೋಟ, ಗುಡ್ಡಗಳನ್ನು ನೆನೆದು ಹಂಬಲಿಸುತ್ತೇವೆ. ಅದು ಸಹಜ. ಆದರೆ ಅನ್ನ ಕೊಟ್ಟ ಈ ನಗರವನ್ನು ಬಸ್ಸಿನ ಕಿಟಕಿಯಿಂದಲ್ಲದೆ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಒಂದು ಮರದ ಎದುರು ಮೂರು ಗಂಟೆ ಕುಳಿತರೆ, ಅದರ ಕೆಳಗೆ ಇಸ್ತ್ರಿ ಮಾಡುವವನ ಊರು ಯಾವುದೆಂದು ತಿಳಿಯುತ್ತದೆ. ಅವನೂ ನಮ್ಮಂತೆಯೇ ಎಲ್ಲಿಂದಲೋ ಬಂದವನೆಂಬುದು ಗೊತ್ತಾಗುತ್ತದೆ. ಸಂಘದ ಮಕ್ಕಳನ್ನು ತಿಂಗಳಿಗೊಂದು ಭಾನುವಾರ ಕಾಗದ, ಬಣ್ಣಗಳೊಡನೆ ಹೊರಗೆ ಕರೆದೊಯ್ಯೋಣವೆಂಬುದು ನನ್ನ ಸೂಚನೆ. ಅವರಿಗೆ ಹೇಳಿಕೊಡಬೇಕಾದದ್ದು ಎರಡೇ ಮಾತು: ಕಣ್ಣಿಗೆ ಕಂಡ ಮನೆಯನ್ನು ಬಿಡಬೇಡಿ, ಆ ಮನೆಯವರ ಹೆಸರನ್ನು ಕೇಳದೆ ಏಳಬೇಡಿ.