ಕಿತ್ತೂರಿನ ಬಂದೂಕು, ಸುರೇಬಾನದ ರಿವಾಲ್ವರ್

ಬೈಲಹೊಂಗಲ, ಸವದತ್ತಿ ಕಡೆ ಚೆನ್ನಮ್ಮನ ನಾಟಕ ನೋಡಿದವರಿಗೆ ಈ ದೃಶ್ಯ ಗೊತ್ತಿರುತ್ತೆ. ಥ್ಯಾಕರೆ ವೇಷದವನು ಸೊಂಟದಿಂದ ರಿವಾಲ್ವರ್ ತೆಗೀತಾನೆ, ಢಂ ಢಂ ಢಂ ಅಂತ ಮೂರು ಸಲ ಹೊಡೀತಾನೆ. ಜನ ಶಿಳ್ಳೆ ಹಾಕ್ತಾರೆ. ಇಂಜಿನಿಯರಿಂಗ್ ಓದಿದ ನನಗೆ ಮಾತ್ರ ಆ ಎರಡನೇ ಢಂ ಕೇಳಿದಾಗಲೇ ಕಿವಿ ನೆಟ್ಟಗಾಗುತ್ತೆ.

ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರು ಕೋಟೆ ಮುಂದೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಅದು ಚಕಮಕಿ ಕಲ್ಲಿನ ಬಂದೂಕಿನ ಕಾಲ. ಮದ್ದು ಸುರಿ, ಗುಂಡು ಹಾಕು, ಗಜದಿಂದ ಜಡಿ, ಒಂದು ಸಲ ಹೊಡಿ, ಮತ್ತೆ ಮೊದಲಿಂದ ಶುರು ಮಾಡು. ಗುಂಡಿನ ಮನೆ ತಿರುಗುವ ಪಿಸ್ತೂಲನ್ನ ಕೋಲಿಯರ್ ಅನ್ನೋನು 1818ರಲ್ಲೇ ಲಂಡನ್‌ನಲ್ಲಿ ಪೇಟೆಂಟ್ ಮಾಡಿಸಿದ್ದ, ನಿಜ. ಆದರೆ ಸೇನೆ ಅದನ್ನ ಒಪ್ಪಲಿಲ್ಲ. ಹಾಗಾಗಿ ಅಮಟೂರು ಬಾಳಪ್ಪ ಹೊಡೆದದ್ದು ಅಂತ ನಾಡು ನೆನೆಯೋ ಆ ಏಟಿನ ಬೆಲೆ ಯೋಚನೆ ಮಾಡಿ. ಗುರಿ ತಪ್ಪಿದ್ರೆ ಇನ್ನೊಂದು ಗುಂಡಿಗೆ ಸಮಯ ಎಲ್ಲಿತ್ತು?

ಇನ್ನು ಮೂವತ್ತನಾಲ್ಕು ವರ್ಷ ಮುಂದಕ್ಕೆ ಬನ್ನಿ. ಅಷ್ಟರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ದೇಶದ ಪೇಟೆಂಟ್ ಪಡೆದಿದ್ದ. 1851ರಲ್ಲಿ ಲಂಡನ್ನಿನ ರಾಬರ್ಟ್ ಆಡಮ್ಸ್ ತನ್ನ ಐದು ಗುಂಡಿನ ರಿವಾಲ್ವರ್ ತಂದ. ಕುದುರೆ ಎಳೆದರೆ ಸಾಕು, ಹಲ್ಲುಗಾಲಿ ಸಿಲಿಂಡರನ್ನ ಒಂದು ಮನೆ ತಿರುಗಿಸಿ ನಳಿಗೆಗೆ ನೇರ ನಿಲ್ಲಿಸುತ್ತೆ, ಸುತ್ತಿಗೆ ಬೀಳುತ್ತೆ. ಕಂಪನಿಯ ಅಧಿಕಾರಿಗಳ ಸೊಂಟಕ್ಕೆ ರಿವಾಲ್ವರ್ ಬಂತು. ಅದೇ ಹೊತ್ತಿಗೆ, 1857ರಲ್ಲಿ, ನಮ್ಮ ಜನರ ಆಯುಧ ಕಸಿಯೋ ಆಜ್ಞೆಯೂ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲ್ಲ ಅಂದ್ರು, ಊರೇ ಸುಟ್ಟುಹೋಯ್ತು.

ನರಗುಂದದ ಬಾಬಾಸಾಹೇಬ ಭಾವೆಯವರಿಗೆ ಮಕ್ಕಳಿರಲಿಲ್ಲ, ದತ್ತು ತಗೊಳ್ಳೋಕೆ ಸರ್ಕಾರ ಬಿಡಲಿಲ್ಲ. ಕಿತ್ತೂರಿನದೇ ಕಥೆ! 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗ ದಾಟಿ ಸುರೇಬಾನದಲ್ಲಿ ತಂಗಿದ್ದ. ಹೌದು, ಶಬರಿಕೊಳ್ಳದ ಹತ್ತಿರದ ಅದೇ ಸುರೇಬಾನ. ಜೊತೆಗೆ ಚಿಕ್ಕ ಬೆಂಗಾವಲು, ದಣಿದ ನಿದ್ದೆ. ನರಗುಂದದ ದಂಡು ನುಗ್ಗಿದಾಗ ಎದ್ದವನೇ ರಿವಾಲ್ವರ್ ಹಾರಿಸಿದ, ಒಬ್ಬನಿಗೆ ಗಾಯ ಆಯ್ತು. ಅಷ್ಟೇ. ಅವನ ತಲೆ ನರಗುಂದದ ಬಾಗಿಲಿಗೆ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನ ಗಲ್ಲಿಗೇರಿಸಿದ್ರು.

ನನ್ನ ಪ್ರಕಾರ ಮ್ಯಾನ್ಸನ್ ಹೇಡಿ ಅಲ್ಲ. ಆದರೆ ನೂರಾರು ಜನ ಸುತ್ತುವರಿದಾಗ ಐದಾರು ಗುಂಡು ಏನು ಮಾಡುತ್ತೆ ಸ್ವಾಮಿ? ಆಗಿನ ರಿವಾಲ್ವರ್‌ಗೆ ಮತ್ತೆ ಮದ್ದು ತುಂಬಬೇಕು ಅಂದ್ರೆ ಒಂದೊಂದೇ ಮನೆಗೆ ಪುಡಿ, ಗುಂಡು, ಹಿಂದೆ ಟೋಪಿ. ಆ ತೊಡಕನ್ನ ಬಿಡಿಸಿದ್ದು 1887ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ವೆಬ್ಲಿ. ನಡುವಿಗೆ ಮಡಚಿದರೆ ಖಾಲಿ ತೋಟೆಗಳೆಲ್ಲ ಒಟ್ಟಿಗೆ ಮೇಲೆದ್ದು ಬರುತ್ತವೆ, ಹೊಸದನ್ನ ತುಂಬು, ಮುಚ್ಚು. ಅಷ್ಟರಲ್ಲಿ 1878ರ ಶಸ್ತ್ರ ಕಾಯ್ದೆ ಬಂದು ಹತ್ತು ವರ್ಷಕ್ಕೆ ಹತ್ತಿರವಾಗಿತ್ತು ಅನ್ನೋಣ: ಅವರಿಗೆ ವೆಬ್ಲಿ, ನಮಗೆ ಲೈಸೆನ್ಸ್ ಅರ್ಜಿ! ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೂಡ ಅದೇ ವೆಬ್ಲಿ ವಂಶದ್ದು.

ಈಗ ಪೊಲೀಸರ ಸೊಂಟದಲ್ಲಿ ಬಹುಪಾಲು ಪಿಸ್ತೂಲು. ಬಾಯಲ್ಲಿ ಉಳಿದಿರೋದು ಮಾತ್ರ ‘ಸರ್ವಿಸ್ ರಿವಾಲ್ವರ್’. ಬೆಳೆ ಕಾಯೋಕೆ ಲೈಸೆನ್ಸ್ ಬಂದೂಕು ಇಟ್ಟಿರೋ ರೈತನಿಗೆ ಚುನಾವಣೆ ಬಂದ್ರೆ ಅದನ್ನ ಠಾಣೆಗೆ ಒಪ್ಪಿಸು ಅಂತಾರೆ, ಒಪ್ಪಿಸ್ತಾನೆ. ಪೊಲೀಸರಿಗೂ ಒಂದು ಕಟ್ಟಳೆ ಇದೆ. ಎನ್‌ಕೌಂಟರ್‌ನಲ್ಲಿ ಸಾವಾದರೆ ಗುಂಡು ಹಾರಿಸಿದ ಅಧಿಕಾರಿ ತನ್ನ ಆಯುಧವನ್ನ ಪರೀಕ್ಷೆಗೆ ಒಪ್ಪಿಸಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಹಾಗಾಗಿ ಅಂಥ ಸುದ್ದಿ ಬಂದಾಗ ನಮ್ಮ ವರದಿಗಾರರಿಗೆ ನಾನು ಮೊದಲು ಕೇಳೋದು ಇಷ್ಟೇ: ಆ ಆಯುಧ ಲ್ಯಾಬಿಗೆ ಹೋಯ್ತಾ, ಇಲ್ವಾ?